ಮಜ್ಜಿಗೆ ಮತ್ತು ಕರುಳಿನ ಕಾವಲುಗಾರರು

ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಬಿಸಿಲಿನಲ್ಲಿ ಬೆಳಗಿನಿಂದ ದುಡಿದವರಿಗೆ ಕುಚ್ಚಲಕ್ಕಿ ಗಂಜಿ, ನಂಚಿಕೊಳ್ಳಲು ಉಪ್ಪಿನಕಾಯಿ, ಕೊನೆಗೊಂದು ಲೋಟ ಮಜ್ಜಿಗೆ ಸಿಕ್ಕಿದರೆ ಹೊಟ್ಟೆ ತಂಪು. ಜ್ವರಕ್ಕೆ ಆಂಟಿಬಯೋಟಿಕ್ ಬರೆಸಿಕೊಂಡವರಿಗೆ ಮೆಡಿಕಲ್ ಶಾಪಿನಲ್ಲಿ ಅದರ ಜೊತೆಗೇ ಪ್ರೋಬಯೋಟಿಕ್ ಮಾತ್ರೆಯೂ ಸಿಗುವುದುಂಟು. ಮಜ್ಜಿಗೆಯಲ್ಲೂ ಮಾತ್ರೆಯಲ್ಲೂ ಇರುವುದು ಜೀವಂತ ಬ್ಯಾಕ್ಟೀರಿಯಾ. ಹೊರಗಿನಿಂದ ಬಂದ ಇವುಗಳನ್ನು ನಮ್ಮ ರೋಗನಿರೋಧಕ ಕೋಶಗಳು ಕೊಂದು ಮುಗಿಸುವುದಿಲ್ಲವೇಕೆ?

ಮೊಸರನ್ನೂ ರೋಗನಿರೋಧಕ ಶಕ್ತಿಯನ್ನೂ ಒಬ್ಬನೇ ವಿಜ್ಞಾನಿ ಹಿಡಿದು ಹೊರಟದ್ದುಂಟು. ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳನ್ನು ಗುರುತಿಸಿ 1908ರಲ್ಲಿ ನೊಬೆಲ್ ಪಡೆದ ಇಲ್ಯಾ ಮೆಚ್ನಿಕೋವ್, ಹುಳಿ ಹಾಲು ಕುಡಿದರೆ ಮುಪ್ಪು ತಡವಾಗುತ್ತದೆ ಎಂದೂ ವಾದಿಸಿದ್ದ. ಆ ವಾದ ಪೂರ್ತಿ ನಿಲ್ಲಲಿಲ್ಲ. ಆದರೆ ಅವನು ಕರುಳಿನತ್ತ ತೋರಿಸಿದ ಬೆರಳು ಮಾತ್ರ ಸರಿಯಾದ ಕಡೆಗೇ ಇತ್ತು.

ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಇರುವುದು ಕರುಳಿನ ಗೋಡೆಯಲ್ಲಿ. ಅದರ ಒಳಪದರ ಒಂದೇ ಕೋಶದಷ್ಟು ತೆಳು. ಪದರದ ಈಚೆ ಕಾದಿರುವ ಡೆಂಡ್ರೈಟಿಕ್ ಕೋಶಗಳು ಸಂದಿನಿಂದ ಕೈಚಾಚಿ ಕರುಳಿನೊಳಗೆ ಹಾದುಹೋಗುವುದನ್ನು ಮುಟ್ಟಿ ನೋಡುತ್ತವೆ. ಬ್ಯಾಕ್ಟೀರಿಯಾದ ಕೋಶಗೋಡೆಯ ಚೂರುಗಳನ್ನು ಗುರುತಿಸಲು ಅವುಗಳ ಮೈಮೇಲೆ ಗ್ರಾಹಕಗಳಿವೆ. ಸಿಕ್ಕ ಸುದ್ದಿ ಟಿ ಕೋಶಗಳಿಗೆ ಹೋಗುತ್ತದೆ. ಬಿ ಕೋಶಗಳ ಸಂತತಿ ಐಜಿಎ ಎಂಬ ಪ್ರತಿಕಾಯವನ್ನು ಕರುಳಿಗೆ ಸುರಿಸುತ್ತದೆ. ಅದು ಸೂಕ್ಷ್ಮಾಣುಗಳಿಗೆ ಅಂಟಿಕೊಂಡು ಅವು ಗೋಡೆ ದಾಟದಂತೆ ತಡೆಯುತ್ತದೆ. ಸೂಕ್ಷ್ಮಾಣುಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ ಇಲಿಗಳಲ್ಲಿ ಈ ವ್ಯವಸ್ಥೆ ಅರೆಬೆಳೆದೇ ಉಳಿಯುತ್ತದೆ.

ಜಾಹೀರಾತುಗಳು ಹೇಳುವ ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂಬುದು ಅರ್ಧ ಮಾತು. ಕಂಡಕಂಡದ್ದರ ಮೇಲೆ ಎಗರುವ ನಿರೋಧಕ ಶಕ್ತಿಯೇ ಅಲರ್ಜಿಗೂ ಕರುಳಿನ ಉರಿಯೂತಕ್ಕೂ ದಾರಿ. ಬ್ಯಾಕ್ಟೀರಿಯಾ ಕಲಿಸುವ ದೊಡ್ಡ ಪಾಠ ಸಂಯಮದ್ದು. ಕರುಳಿನ ನಿವಾಸಿ ಬ್ಯಾಕ್ಟೀರಿಯಾ ನಾರು ತಿಂದು ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ಹೋರಾಟ ಮಿತಿಮೀರದಂತೆ ತಡೆಯುವ ‘ನಿಯಂತ್ರಕ ಟಿ ಕೋಶ’ಗಳ ಸಂಖ್ಯೆ ಇದರಿಂದ ಹೆಚ್ಚುತ್ತದೆ ಎಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಬ್ಯುಟಿರೇಟ್ ತಯಾರಿಸುವುದಿಲ್ಲ. ಅದು ಬಿಡುವ ಲ್ಯಾಕ್ಟಿಕ್ ಆಮ್ಲ ಮಾತ್ರ ಆ ನಿವಾಸಿಗಳಲ್ಲಿ ಕೆಲವಕ್ಕೆ ಆಹಾರವಾಗುತ್ತದೆ. ಬೆಂದು ಆರಿದ ಅನ್ನದಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುವ ಪಿಷ್ಟ ಹೆಚ್ಚು. ಅದೂ ಅವಕ್ಕೇ ಹೋಗುತ್ತದೆ. ತಂಗಳನ್ನ ಮಜ್ಜಿಗೆಯನ್ನು ಹೀಗಳೆಯುವವರು ಇದನ್ನು ಗಮನಿಸಬಹುದು.

ಮನುಷ್ಯರಲ್ಲಿ ಸಿಕ್ಕ ಬಲವಾದ ಸಾಕ್ಷ್ಯ ಒಡಿಶಾದ್ದು. ಅಲ್ಲಿನ ಹಳ್ಳಿಗಳ 4,556 ನವಜಾತ ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಒಂದು ವಾರ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್‌ನ ಒಂದು ತಳಿಯನ್ನು, ಅದಕ್ಕೆ ಆಹಾರವಾಗುವ ಸಕ್ಕರೆಯೊಂದಿಗೆ ಕೊಡಲಾಯಿತು. ರಕ್ತದ ಸೋಂಕು ಅಥವಾ ಸಾವಿಗೆ ತುತ್ತಾದವರ ಪ್ರಮಾಣ ಶೇ. 9ರಿಂದ 5.4ಕ್ಕೆ ಇಳಿಯಿತು ಎಂದು 2017ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಆದರೆ ಎಲ್ಲ ಫಲಿತಾಂಶಗಳೂ ಹೀಗಿಲ್ಲ. ಆಂಟಿಬಯೋಟಿಕ್ ನಂತರ ಪ್ರೋಬಯೋಟಿಕ್ ನುಂಗಿದವರಲ್ಲಿ ಸ್ವಂತ ಬ್ಯಾಕ್ಟೀರಿಯಾ ಮರಳಲು ಇನ್ನಷ್ಟು ತಡವಾಯಿತು ಎಂದು 2018ರ ಇಸ್ರೇಲಿನ ಅಧ್ಯಯನ ಹೇಳಿತು.

ಕರಾವಳಿಯ ಅಡುಗೆಮನೆಯಲ್ಲಿ ಹುದುಗಿದ್ದೆಲ್ಲ ಪ್ರೋಬಯೋಟಿಕ್ ಅಲ್ಲ. ಮೂಡೆ, ಇಡ್ಲಿ, ಉದ್ದಿನ ದೋಸೆಯ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ತುಂಬಿದ್ದರೂ ಹಬೆಯಲ್ಲೋ ಕಾವಲಿಯ ಮೇಲೋ ಅವು ಸಾಯುತ್ತವೆ. ಕುದಿಸಿದ ಮಜ್ಜಿಗೆ ಹುಳಿಯದ್ದೂ ಅದೇ ಕತೆ. ಜೀವ ಉಳಿಯುವುದು ಕುದಿಸದ ಮಜ್ಜಿಗೆಯಲ್ಲಿ, ತಂಬುಳಿಯಲ್ಲಿ. ಅಲ್ಲೂ ಯಾವ ತಳಿ ಎಷ್ಟಿದೆ ಎಂಬುದು ಮನೆಯ ಹೆಪ್ಪನ್ನು ಅವಲಂಬಿಸಿದೆ.

ಮಾತ್ರೆ ಕೊಳ್ಳುವವರು ಲೇಬಲ್ಲಿನ ಮೇಲೆ ತಳಿಯ ಪೂರ್ಣ ಹೆಸರನ್ನೂ ಸಂಖ್ಯೆಯನ್ನೂ ಹುಡುಕಬೇಕು. ಪ್ರೋಬಯೋಟಿಕ್ ಆಹಾರದಲ್ಲಿ ದಿನಕ್ಕೆ ಕನಿಷ್ಠ 10 ಕೋಟಿ ಜೀವಂತ ಸೂಕ್ಷ್ಮಾಣುಗಳಿರಬೇಕು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ನಿಯಮ. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ವೈದ್ಯರನ್ನು ಕೇಳದೆ ಇವನ್ನು ನುಂಗಬಾರದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ವೈದ್ಯರು ಹೇಳದೆ ಕೊಡುವಂತಿಲ್ಲ.