ವಯಸ್ಸಾದ ದೇವಿಯನ್ನು ಮನೆಗೆ ತರುವ ಮುನ್ನ

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿನ ಬಣ್ಣಕ್ಕೆ, ಕೊರಳ ಗೆಜ್ಜೆಗೆ ಮಾರುಹೋದವನು ಊರಿಗೆ ಬಂದ ಮೇಲೆ ಪಶ್ಚಾತ್ತಾಪ ಪಡುತ್ತಾನೆ. ಫ್ರಾನ್ಸಿನಲ್ಲಿ ಹಳೆಯ ಸಿಟ್ರೊಯೆನ್ ಡಿ.ಎಸ್. ಕಾರು ಕೊಳ್ಳಹೊರಟವರ ಪಾಡೂ ಹೆಚ್ಚುಕಡಿಮೆ ಇದೇ. ಆದರೆ ಈ ಕಾರಿನಲ್ಲಿ ಇನ್ನೊಂದು ತೊಡಕುಂಟು: ಜನ ಹೆದರುವುದು ಒಂದಕ್ಕೆ, ಕಾರನ್ನು ಕೊಲ್ಲುವುದು ಬೇರೊಂದು.

ಈ ಕಾರು ಮೊದಲು ಜನರ ಕಣ್ಣಿಗೆ ಬಿದ್ದದ್ದು 1955ರ ಅಕ್ಟೋಬರ್ 5ರಂದು, ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ. ಮೊದಲ ಕಾಲು ಗಂಟೆಯಲ್ಲೇ 700ಕ್ಕೂ ಹೆಚ್ಚು ಮಂದಿ ತಮಗೊಂದು ಇರಲಿ ಎಂದು ಹೆಸರು ಬರೆಸಿದರು. ದಿನ ಮುಗಿಯುವ ಹೊತ್ತಿಗೆ ಆ ಸಂಖ್ಯೆ 12,000 ಮುಟ್ಟಿತ್ತು. ಯುದ್ಧ ಮುಗಿದು ಹತ್ತೇ ವರ್ಷವಾಗಿದ್ದ ದೇಶದಲ್ಲಿ ಅದು ಸಣ್ಣ ಮಾತಲ್ಲ. ಡಿ.ಎಸ್. ಎಂಬ ಎರಡಕ್ಷರವನ್ನು ಫ್ರೆಂಚರು ‘ದೆಎಸ್’ ಎನ್ನುತ್ತಾರೆ. ಅದೇ ಉಚ್ಚಾರದ ಪದಕ್ಕೆ ಅವರ ಭಾಷೆಯಲ್ಲಿ ದೇವಿ ಎಂದರ್ಥ. ಚಿಂತಕ ರೊಲಾಂ ಬಾರ್ತ್ 1957ರ ತಮ್ಮ ‘ಮಿಥಾಲಜೀಸ್’ ಪುಸ್ತಕದಲ್ಲಿ ಈ ಕಾರಿಗೇ ಒಂದು ಪ್ರಬಂಧ ಮೀಸಲಿಟ್ಟರು.

ದೇವಿಯ ರೂಪ ಕಡೆದವರು ಇಟಲಿ ಮೂಲದ ಶಿಲ್ಪಿ ಫ್ಲಾಮಿನಿಯೊ ಬೆರ್ತೋನಿ. ಒಟ್ಟು ವಿನ್ಯಾಸ ವಿಮಾನ ತಯಾರಿಕೆಯಲ್ಲಿ ಪಳಗಿದ್ದ ಆಂದ್ರೆ ಲೆಫೆವ್ರ್ ಅವರದು. ಆದರೆ ಅದಕ್ಕೆ ಪ್ರಾಣ ತುಂಬಿದವರು ಪಾಲ್ ಮಾಜೆಸ್ ಎಂಬವರು. ದೊಡ್ಡ ಪದವಿಯೇನೂ ಇಲ್ಲದೆ ಎಳೆಯ ವಯಸ್ಸಿನಲ್ಲೇ ಕಂಪನಿ ಸೇರಿ, ಕೆಲಸ ಮಾಡುತ್ತಲೇ ಕಲಿತವರು. ಉಕ್ಕಿನ ಸ್ಪ್ರಿಂಗನ್ನೇ ಕಿತ್ತುಹಾಕಿ, ಕಾರನ್ನು ಎಣ್ಣೆ ಮತ್ತು ಅನಿಲದ ಮೇಲೆ ಕೂರಿಸಿದ್ದು ಅವರ ಸಾಧನೆ.

ಅದು ಹೇಗೆಂದು ಸ್ವಲ್ಪ ವಿವರವಾಗಿ ನೋಡೋಣ. ಪ್ರತಿ ಚಕ್ರಕ್ಕೂ ತೆಂಗಿನಕಾಯಿ ಗಾತ್ರದ ಒಂದು ಉಕ್ಕಿನ ಗೋಳ. ಅದರೊಳಗೆ ನಡುವೆ ರಬ್ಬರಿನ ಪೊರೆ. ಪೊರೆಯ ಒಂದು ಬದಿಗೆ ಒತ್ತಡದಲ್ಲಿ ತುಂಬಿದ ಸಾರಜನಕ, ಇನ್ನೊಂದು ಬದಿಗೆ ಎಣ್ಣೆ. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಎಣ್ಣೆ ಪೊರೆಯನ್ನು ಒತ್ತುತ್ತದೆ, ಅನಿಲ ಕುಗ್ಗಿ ಮತ್ತೆ ಹಿಗ್ಗುತ್ತದೆ. ಎಣ್ಣೆ ಸಣ್ಣ ರಂಧ್ರದಲ್ಲಿ ನುಸುಳಬೇಕಾದ್ದರಿಂದ ಕುಲುಕಾಟವೂ ಅಲ್ಲೇ ಅಡಗುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಈ ಎಣ್ಣೆಯನ್ನು ಸುಮಾರು 150 ಬಾರ್ ಒತ್ತಡದಲ್ಲಿ ಕಾರಿನ ತುಂಬ ಓಡಾಡಿಸುತ್ತದೆ. ಟಯರಿನ ಗಾಳಿಯ ಒತ್ತಡ 2 ಬಾರ್ ಆಸುಪಾಸು ಎಂದರೆ ಅಂದಾಜು ಸಿಕ್ಕೀತು. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೂ ಕಾರು ತಾನಾಗಿ ಸಾವರಿಸಿಕೊಂಡು ಮೊದಲಿನ ಎತ್ತರಕ್ಕೆ ಏಳುತ್ತದೆ. ಬ್ರೇಕು, ಬಹಳಷ್ಟು ಕಾರುಗಳಲ್ಲಿ ಸ್ಟೀರಿಂಗು, ಕೆಲವು ಮಾದರಿಗಳಲ್ಲಿ ಕ್ಲಚ್ಚು ಮತ್ತು ಗೇರು ಎಲ್ಲವೂ ಇದೇ ಒತ್ತಡವನ್ನು ಉಣ್ಣುತ್ತವೆ.

1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆತಿ-ಕ್ಲಾಮಾರ್‌ನಲ್ಲಿ ಅಧ್ಯಕ್ಷ ಡಿ ಗಾಲ್ ಅವರ ಡಿ.ಎಸ್. ಮೇಲೆ ಹೊಂಚುದಾಳಿಕಾರರು ಗುಂಡಿನ ಮಳೆಗರೆದರು. ಟಯರು ತೂತಾದರೂ ಚಾಲಕ ಕಾರನ್ನು ನಿಲ್ಲಿಸದೆ ಓಡಿಸಿದ. ಒಳಗಿದ್ದ ಗಂಡಹೆಂಡತಿಗೆ ಗಾಯವಾಗಲಿಲ್ಲ. ಡಿ.ಎಸ್. ಮಾರುವವರು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಆಗ ಆ ಕಾರು ಹೊಸದಾಗಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ತಯಾರಿಕೆ ನಿಂತದ್ದು 1975ರಲ್ಲಿ, ಸುಮಾರು 14.5 ಲಕ್ಷ ಕಾರು ಹೊರಬಂದ ಮೇಲೆ. ಅಂದರೆ ಮಾರುಕಟ್ಟೆಯಲ್ಲಿ ಸಿಗುವ ಅತ್ಯಂತ ಕಿರಿಯ ಡಿ.ಎಸ್.ಗೂ ಐವತ್ತು ತುಂಬಿದೆ. ಕೊಳ್ಳುವವರ ಮೊದಲ ಭಯ ಈ ಎಣ್ಣೆಯ ವ್ಯವಸ್ಥೆಯದ್ದೇ. ಬಾನೆಟ್ಟು ಎತ್ತಿದರೆ ಕಾಣುವ ಕೊಳವೆಗಳ ಜಾಲ ನೋಡಿ ಎದೆ ಝಲ್ಲೆನ್ನುವುದು ಸಹಜ. ಆದರೆ ನಿಜವಾಗಿ ನೋಡಿದರೆ ಅದು ದುರಸ್ತಿಗೆ ಒಗ್ಗುವ ಭಾಗ. ಡಿ.ಎಸ್. ಕಾಲದ ಗೋಳಗಳನ್ನು ತಿರುಪಿ ಬಿಚ್ಚಿ ಪೊರೆ ಬದಲಿಸಬಹುದು, ಅನಿಲ ತುಂಬಿಸಬಹುದು. ಪಂಪು, ಕೊಳವೆ, ವಾಷರುಗಳೆಲ್ಲ ಫ್ರಾನ್ಸ್, ನೆದರ್ಲೆಂಡ್ಸ್, ಜರ್ಮನಿಗಳಲ್ಲಿ ಇಂದಿಗೂ ದೊರೆಯುತ್ತವೆ.

ಅಲ್ಲಿ ಎಚ್ಚರ ಬೇಕಾದದ್ದು ಎಣ್ಣೆಯ ಜಾತಿಯ ವಿಷಯದಲ್ಲಿ. ಮೊದಮೊದಲ ಕಾರುಗಳದ್ದು ಬ್ರೇಕ್ ಆಯಿಲ್ ಬಳಗದ ದ್ರವ. ‘ಕೆಂಪು’ ಎಂದೇ ಅದಕ್ಕೆ ಹೆಸರು. ಅದು ಗಾಳಿಯ ತೇವ ಹೀರಿಕೊಂಡು ಕೊಳವೆಗಳನ್ನು ಒಳಗಿಂದ ತುಕ್ಕು ಹಿಡಿಸುತ್ತಿತ್ತು. 1966ರ ಕೊನೆಯ ಭಾಗದಿಂದ ಖನಿಜ ತೈಲದ ಹಸಿರು ದ್ರವ ಬಂತು. ಎರಡಕ್ಕೂ ರಬ್ಬರು ಬೇರೆ ಬೇರೆ. ಹಸಿರಿನ ಕಾರಿಗೆ ಅಂಗಡಿಯ ಮಾಮೂಲು ಬ್ರೇಕ್ ಆಯಿಲ್ ಸುರಿದರೆ ಸೀಲುಗಳೆಲ್ಲ ಉಬ್ಬಿ ಕೆಟ್ಟುಹೋಗುತ್ತವೆ, ಬ್ರೇಕನ್ನು ನಂಬುವಂತಿಲ್ಲ. ಗುರುತು ಹಿಡಿಯುವುದು ಸುಲಭ: ಹಸಿರು ದ್ರವದ ಕಾರುಗಳಲ್ಲಿ ಗೋಳ ಮುಂತಾದ ಭಾಗಗಳಿಗೂ ಹಸಿರು ಬಣ್ಣ, ಹಳೆಯವಕ್ಕೆ ಕಪ್ಪು. ಹಸಿರು ಗೋಳದ ಪಕ್ಕದಲ್ಲಿ ಕಪ್ಪು ಗೋಳ ಕಂಡರೆ ಮಾಲೀಕನನ್ನು ಸ್ವಲ್ಪ ಕೂರಿಸಿಕೊಂಡು ವಿಚಾರಿಸಬೇಕು.

ಕಾರನ್ನು ಕೊಲ್ಲುವುದು ತುಕ್ಕು. ಡಿ.ಎಸ್.ನ ಬಾಗಿಲು, ಮಡ್‌ಗಾರ್ಡು, ಬಾನೆಟ್ಟು ಯಾವುದೂ ಭಾರ ಹೊರುವುದಿಲ್ಲ. ಅವೆಲ್ಲ ಒಳಗಿನ ಉಕ್ಕಿನ ಚೌಕಟ್ಟಿಗೆ ತೊಡಿಸಿದ ಅಂಗಿಯಿದ್ದಂತೆ. ಹಿಂದಿನ ಮಡ್‌ಗಾರ್ಡಂತೂ ಒಂದೇ ಬೋಲ್ಟಿಗೆ ಬಿಚ್ಚಿ ಬರುತ್ತದೆ, ಅದನ್ನು ತೆಗೆಯದೆ ಹಿಂದಿನ ಟಯರು ಬದಲಿಸುವಂತಿಲ್ಲ. ಆದ್ದರಿಂದ ಮೇಲಿನ ಅಂಗಿಯನ್ನು ಕಳಚಿ, ಬಣ್ಣ ಹೊಡೆಸಿ, ಮಿರಮಿರ ಮಿಂಚಿಸಿ ತೊಡಿಸುವುದು ದೊಡ್ಡ ಕೆಲಸವಲ್ಲ. ಒಳಗಿನ ಅಸ್ಥಿಪಂಜರ ಮಾತ್ರ ಹಾಗೇ ಇರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತೊಲೆಗಳು, ಹಿಂದಿನ ಸೀಟಿನ ಕೆಳಭಾಗ, ಡಿಕ್ಕಿಯ ತಳ – ನೀರು ನಿಲ್ಲುವುದು ಇಲ್ಲೇ. ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ದೇಶಗಳಲ್ಲಿ ಓಡಿದ ಕಾರಾದರೆ ಕೇಳುವುದೇ ಬೇಡ. ಮೇಲೆ ಥಳುಕು, ಒಳಗೆ ಹುಳುಕು ಎಂಬುದನ್ನು ಇಷ್ಟು ಅಕ್ಷರಶಃ ಪಾಲಿಸುವ ಯಂತ್ರ ಇನ್ನೊಂದಿರಲಾರದು.

ಚೌಕಟ್ಟನ್ನು ಸರಿಪಡಿಸಬೇಕೆಂದರೆ ಕಾರನ್ನು ಪೂರ್ತಿ ಬಿಚ್ಚಿ, ಅಳತೆ ತಪ್ಪದಂತೆ ಬಿಗಿದು, ಬೆಸೆಯಬೇಕು. ಇದು ನೂರಾರು ಗಂಟೆಗಳ ಕೂಲಿಯ ಮಾತು. ಮೇಲಿಂದ ಒಂದು ತಗಡು ಬೆಸೆದು ಕಪ್ಪು ಡಾಂಬರು ಬಳಿದ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಹೊಸದಾಗಿ ಬಳಿದ ಡಾಂಬರು ಕಂಡಲ್ಲಿ ಅನುಮಾನ ಪಡುವುದು ಜಾಣತನ. ಬಾಗಿಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ನೋಡಬೇಕು. ಇಲ್ಲವಾದರೆ ಚೌಕಟ್ಟು ಜೋತುಬಿದ್ದಿರಬಹುದು. ಕಾರ್ಪೆಟ್ಟು ಎತ್ತಿಸಬೇಕು, ಹಿಂದಿನ ಸೀಟು ತೆಗೆಸಬೇಕು, ಒಂದಾದರೂ ಮಡ್‌ಗಾರ್ಡು ಬಿಚ್ಚಿಸಬೇಕು. ಒಂದೇ ಬೋಲ್ಟು ತಾನೇ, ಒಲ್ಲೆನ್ನುವ ಮಾಲೀಕನಿಗೆ ಕೈಮುಗಿದು ಬರುವುದು ಮೇಲು. ಕೆಲವರು ಪುಟ್ಟಿ ಪತ್ತೆಮಾಡಲು ಅಯಸ್ಕಾಂತ ಒಯ್ಯುತ್ತಾರೆ. ಒಳ್ಳೆಯ ಉಪಾಯವೇ, ಆದರೆ ಡಿ.ಎಸ್. ಬಾನೆಟ್ಟು ಅಲ್ಯೂಮಿನಿಯಮ್ಮಿನದು, ಅನೇಕ ಕಾರುಗಳ ಛಾವಣಿ ಫೈಬರ್ ಗ್ಲಾಸಿನದು. ಅಲ್ಲಿ ಅಯಸ್ಕಾಂತ ಅಂಟಲಿಲ್ಲವೆಂದು ಗಾಬರಿ ಬೀಳಬೇಕಾಗಿಲ್ಲ.

ಇನ್ನು ನಡೆಸಿ ನೋಡುವ ಸರದಿ. ಎಂಜಿನ್ನು ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಓಡಿಸಿ ಬಿಸಿಮಾಡಿಟ್ಟಿದ್ದರೆ ಅದೂ ಒಂದು ಸುಳಿವು. ಚಾಲೂ ಮಾಡಿದಾಗ ನೆಲಕ್ಕೆ ಕುಳಿತಿದ್ದ ಕಾರು ಹಿಂದಿನಿಂದ ಮೊದಲು, ಆಮೇಲೆ ಮುಂದಿನಿಂದ ಏಳುತ್ತದೆ. ಒಂಟೆ ಏಳುವುದನ್ನು ಕಂಡವರಿಗೆ ಇದು ಹೊಸ ನೋಟವಲ್ಲ. ಎದ್ದ ಮೇಲೆ ಕಿವಿಗೊಟ್ಟು ಕೇಳಬೇಕು. ಒತ್ತಡ ಕಾಯುವ ನಿಯಂತ್ರಕ ಆಗಾಗ ‘ಟಿಕ್’ ಎನ್ನುತ್ತದೆ. ಅರ್ಧ ನಿಮಿಷಕ್ಕೊಮ್ಮೆಯೋ ಇನ್ನೂ ತಡವಾಗಿಯೋ ಆದರೆ ಸರಿ. ಗೋಡೆ ಗಡಿಯಾರದ ಹಾಗೆ ಎಡೆಬಿಡದೆ ಟಿಕ್‌ಟಿಕ್ ಎಂದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಒತ್ತಡ ಕೂಡಿಡುವ ಗೋಳದ ಅನಿಲ ಮುಗಿದಿದೆ. ಹಿಂದಿನ ಬಂಪರನ್ನು ಕೈಯಿಂದ ಒತ್ತಿದಾಗ ಮೆತ್ತಗೆ ತಗ್ಗಬೇಕು. ಕಲ್ಲಿನಂತೆ ನಿಂತರೆ ಆ ಚಕ್ರಗಳ ಗೋಳ ಸತ್ತಿದೆ. ಇವು ಬೆಲೆ ಇಳಿಸಲು ಕಾರಣವೇ ಹೊರತು ಕಾರನ್ನು ಬಿಟ್ಟುಬರಲು ಕಾರಣವಲ್ಲ.

ಯಾವ ಮಾದರಿ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ: ಸರಳವಾದದ್ದು. 1957ರಿಂದ ಮಾರಾಟಕ್ಕೆ ಬಂದ ಅಗ್ಗದ ಐ.ಡಿ. ಮಾದರಿಗೆ ಸಾಮಾನ್ಯ ಗೇರು, ಕಾಲಿನ ಕ್ಲಚ್ಚು. ಮೊದಲ ಬಾರಿಗೆ ಕೊಳ್ಳುವವರಿಗೆ ಅದೇ ಹಿತ. 1967ರ ನಂತರದ ಅನೇಕ ಕಾರುಗಳಲ್ಲಿ ಸ್ಟೀರಿಂಗಿನ ಜೊತೆ ತಿರುವಿನತ್ತ ಹೊರಳುವ ದೀಪಗಳಿವೆ. ಕಣ್ಣಿಗೆ ಹಬ್ಬ ಹೌದು. ಅಂರಿ ಶಾಪ್ರೋಂ ಕಾರ್ಖಾನೆಯಲ್ಲಿ ಕಟ್ಟಿದ, ಛಾವಣಿ ಮಡಚುವ ಕಾರುಗಳು ತೀರ ಕಡಿಮೆ, ಬೆಲೆಯೋ ಆಕಾಶಕ್ಕೆ. ಸಾಮಾನ್ಯ ಕಾರಿನ ತಲೆ ಕತ್ತರಿಸಿ ಅದೇ ಇದು ಎಂದು ಮಾರಿದ ಉದಾಹರಣೆಗಳೂ ಇವೆ. ಫ್ರಾನ್ಸಿನಲ್ಲಿ 30 ವರ್ಷ ದಾಟಿದ ಕಾರಿಗೆ ‘ಸಂಗ್ರಹದ ವಾಹನ’ ಎಂಬ ಪ್ರತ್ಯೇಕ ನೋಂದಣಿ ಪತ್ರ ಸಿಗುತ್ತದೆ, ತಾಂತ್ರಿಕ ತಪಾಸಣೆ ಐದು ವರ್ಷಕ್ಕೊಮ್ಮೆ. ಕಡತವೂ ಕಾರಿನಷ್ಟೇ ಹಳೆಯದಾಗಿದ್ದು, ದುರಸ್ತಿಯ ರಸೀದಿಗಳು ಜೊತೆಗಿದ್ದರೆ ಹೆಚ್ಚು ಹಣ ಕೊಡಲು ಹಿಂಜರಿಯಬಾರದು.

ಮನೆಗೆ ತಂದ ಮೇಲೆ ಮಾಡುವ ದೊಡ್ಡ ತಪ್ಪೆಂದರೆ ಅದನ್ನು ಹೊದಿಸಿ ಇಡುವುದು. ಓಡದೆ ನಿಂತ ಕಾರಿನಲ್ಲಿ ಸೀಲು ಒಣಗುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ, ತೇವ ಮೂಲೆ ಸೇರುತ್ತದೆ. ವಾರ ಹದಿನೈದು ದಿನಕ್ಕೊಮ್ಮೆಯಾದರೂ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ದ್ರವ ಬದಲಿಸುವಾಗ ತೊಟ್ಟಿಯೊಳಗಿನ ಜಾಲರಿಯನ್ನು ಪೆಟ್ರೋಲಿನಲ್ಲಿ ತೊಳೆಯಬೇಕು. ಇದೊಂದನ್ನು ಮರೆತು ಪಂಪು ಹಾಳುಮಾಡಿಕೊಂಡವರಿದ್ದಾರೆ. ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ ಮುಂದಿನ ಊರು ಸೇರೋಣ ಎನ್ನದೆ ಅಲ್ಲೇ ನಿಲ್ಲಿಸಬೇಕು, ಬ್ರೇಕಿಗೂ ಅದೇ ಒತ್ತಡ ತಾನೇ. ಕಾರು ತಾನೇ ಎದ್ದು ನಿಂತಿದೆಯೆಂದು ಅದರ ಕೆಳಗೆ ತೂರುವುದಂತೂ ಸಲ್ಲದು. ಗಟ್ಟಿಯಾದ ಸ್ಟ್ಯಾಂಡು ಕೊಟ್ಟ ಮೇಲೆಯೇ ಅಡಿಗೆ ಹೋಗಬೇಕು. ಕೊಳವೆಯೊಂದು ಬಿರಿದರೆ ಸಾವಿರ ಕಿಲೋ ಮೀರಿದ ಭಾರ ಕ್ಷಣದಲ್ಲಿ ಕೆಳಗಿಳಿಯುತ್ತದೆ.

ರಾತ್ರಿ ಗ್ಯಾರೇಜಿನಲ್ಲಿ ಎಂಜಿನ್ನು ಆರಿಸಿದ ಮೇಲೆ ಡಿ.ಎಸ್. ನಿಧಾನವಾಗಿ ಕೆಳಗೆ ಕೂರುತ್ತದೆ. ಎಲ್ಲ ಸರಿಯಿದ್ದರೆ ಇದಕ್ಕೆ ಹಲವು ಗಂಟೆಗಳೇ ಬೇಕು. ಅನುಭವಸ್ಥ ಮಾಲೀಕರು ಬಾಗಿಲು ಹಾಕುವ ಮುನ್ನ ಅದರ ಎತ್ತರವನ್ನು ಕಣ್ಣಳತೆಯಲ್ಲಿ ನೋಡಿಕೊಂಡು ಹೋಗುತ್ತಾರೆ; ಊಟ ಮುಗಿಸಿ ಬರುವಷ್ಟರಲ್ಲಿ ಅದು ನೆಲ ಕಚ್ಚಿದ್ದರೆ, ಬೆಳಿಗ್ಗೆ ಮೆಕ್ಯಾನಿಕ್‌ಗೆ ಫೋನು ಮಾಡುತ್ತಾರೆ.