ರಾಕೆಟ್ಟಿಗೂ ಬೇಕು ರೆಡ್ಯೂಸರ್!

ಅಪ್ಪ ಪುಣೆಗೆ ಬಂದ ನಾಲ್ಕನೇ ದಿನಕ್ಕೇ ಊರಿನ ರೈಲು ಯಾವಾಗ ಎಂದು ಕೇಳತೊಡಗಿದ್ದರು. ಗದಗಿನಲ್ಲಿ ಮೂವತ್ತು ವರ್ಷ ಪೈಪು, ನಲ್ಲಿ, ಫಿಟಿಂಗ್ ಮಾರಿದವರು. ಮಂಡಿನೋವು ಜೋರಾಗಿ ಅಂಗಡಿ ಮುಚ್ಚಿದ ಮೇಲೆ ನನ್ನ ಬಳಿ ಬಂದಿದ್ದರು. ಆದರೆ ಏಳನೇ ಮಹಡಿಯ ಫ್ಲಾಟಿನಲ್ಲಿ ಮಾತಿಗೆ ಜನವಿಲ್ಲ, ಮರಾಠಿ ಬಾರದು, ಮಗ ನೋಡಿದರೆ ಹಗಲೆಲ್ಲ ಲ್ಯಾಪ್‌ಟಾಪಿನ ಮುಂದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರ ಮನೆಯ ಕಥೆ ಇದು.

ಆ ಶನಿವಾರ ರಾತ್ರಿ ನಾನು ನನ್ನ ಹಳೆಯ ಚಟಕ್ಕೆ ಕೂತಿದ್ದೆ. ಅದು ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಕಂಪ್ಯೂಟರ್ ಆಟ. ಮೆಕ್ಸಿಕೊದ ಸ್ಕ್ವಾಡ್ ಎಂಬ ಕಂಪನಿ 2011ರಲ್ಲಿ ಇದರ ಮೊದಲ ಆವೃತ್ತಿ ಬಿಟ್ಟಿತು, 2015ರಲ್ಲಿ ಪೂರ್ಣ ಆಟ ಬಂತು. ಕರ್ಬಿನ್ ಎಂಬ ಪುಟ್ಟ ಗ್ರಹ, ಅಲ್ಲಿ ಕರ್ಬಲ್ ಎಂಬ ಹಸಿರು ಬಣ್ಣದ ಕುಳ್ಳರು. ಟ್ಯಾಂಕು, ಎಂಜಿನ್ನು, ಕ್ಯಾಪ್ಸೂಲ್ ಒಂದೊಂದನ್ನೇ ಜೋಡಿಸಿ ರಾಕೆಟ್ ಕಟ್ಟಿ ಅವರನ್ನು ಆಕಾಶಕ್ಕೆ ಕಳಿಸುವುದು ನಮ್ಮ ಕೆಲಸ. ಲೆಕ್ಕ ತಪ್ಪಿದರೆ ರಾಕೆಟ್ ಸಿಡಿಯುತ್ತದೆ.

ನಾನು ದಪ್ಪ ಟ್ಯಾಂಕಿನ ನೆತ್ತಿಯ ಮೇಲೆ ಸಣ್ಣ ಕ್ಯಾಪ್ಸೂಲನ್ನು ಹಾಗೇ ಕೂರಿಸಿದ್ದೆ. ಹಿಂದೆ ನಿಂತಿದ್ದ ಅಪ್ಪ ಕೇಳಿದರು: "ಅಲ್ಲಪಾ, ಎರಡಿಂಚಿನ ಮ್ಯಾಲೆ ಒಂದಿಂಚು ಹಂಗ ಕುಂದರಸಾಕತ್ತೀಯಲ್ಲ, ರೆಡ್ಯೂಸರ್ ಹಾಕಂಗಿಲ್ಲೇನು?"

ನಾನು ತಿರುಗಿ ನೋಡಿದೆ. ಆಟದಲ್ಲಿ ಅದಕ್ಕೆ ಅಡಾಪ್ಟರ್ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹಾಕದಿದ್ದರೂ ಭಾಗಗಳು ಅಂಟಿಕೊಳ್ಳುತ್ತವೆ. ಆದರೆ ಟ್ಯಾಂಕಿನ ಚಪ್ಪಟೆ ಅಂಚಿಗೆ ಗಾಳಿ ಬಡಿದು ವೇಗ ತಿನ್ನುತ್ತದೆ. ಕುರ್ಚಿ ಎಳೆದು ಕೂರಿಸಿ ಅಪ್ಪನಿಗೆ ಆಟದ ಅಳತೆಗಳನ್ನು ತೋರಿಸಿದೆ.

ಆಟದ ದುಂಡು ಭಾಗಗಳಿಗೆ ಗೊತ್ತಾದ ಅಡ್ಡಳತೆಗಳಿವೆ: 0.625 ಮೀಟರ್, 1.25, 2.5, ಮತ್ತು 3.75. ಮೇಕಿಂಗ್ ಹಿಸ್ಟರಿ ಎಂಬ 2018ರ ಹೆಚ್ಚುವರಿ ಕಂತಿನಲ್ಲಿ 1.875 ಮತ್ತು 5 ಮೀಟರ್ ಸೇರಿದವು. ಅಪ್ಪ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡು, ಸ್ವಲ್ಪ ಹೊತ್ತಿಗೆ, "ಎಲ್ಲಾ ಸಣ್ಣದರ ಲೆಕ್ಕದಾಗ ಅದಾವು" ಎಂದರು. ಹೌದು. 0.625ರ ಎರಡರಷ್ಟು 1.25, ಮೂರರಷ್ಟು 1.875, ನಾಲ್ಕರಷ್ಟು 2.5, ಆರರಷ್ಟು 3.75, ಎಂಟರಷ್ಟು 5. ವರ್ಷಗಟ್ಟಲೆ ಆಡಿದ ನಾನು ಅದನ್ನು ಕೂಡಿಸಿ ನೋಡಿರಲಿಲ್ಲ.

"ಗಿರಾಕಿಗೆ ಇದ ತಿಳೀತಿದ್ದಿಲ್ಲ ನೋಡು. ಒಂದಿಂಚಿನ ಪೈಪ್ ಅಂದ್ರ ಅರ್ಧ ಇಂಚಿನವು ಎರಡಲ್ಲ, ನಾಕು" ಎಂದರು ಅಪ್ಪ. ಅಡ್ಡಳತೆ ಎರಡು ಪಟ್ಟಾದರೆ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟು. ಅದೇ ಎತ್ತರದ 2.5 ಮೀಟರಿನ ಟ್ಯಾಂಕಿನಲ್ಲಿ 1.25ರದ್ದಕ್ಕಿಂತ ನಾಲ್ಕು ಪಟ್ಟು ಇಂಧನ, 3.75ರದ್ದರಲ್ಲಿ ಒಂಬತ್ತು ಪಟ್ಟು. 3.75ರ ಟ್ಯಾಂಕಿನ ಅಡಿಯಲ್ಲಿ 1.25ರ ಎಂಜಿನ್ನುಗಳನ್ನು ನಡುವೆ ಒಂದು, ಸುತ್ತ ಆರು ಎಂದು ಏಳು ಇಟ್ಟರೆ ಒಂದಕ್ಕೊಂದು ತಾಗಿ ಸರಿಯಾಗಿ ಕೂರುತ್ತವೆ. ನಾಲ್ಕು ಬಳೆ ತಂದು ಅಪ್ಪ ಅದನ್ನೂ ಪರೀಕ್ಷೆ ಮಾಡಲು ಹೊರಟಿದ್ದರು, ಹೆಂಡತಿಯ ಬಳೆಗಳು ಸಾಲಲಿಲ್ಲ.

ಈ ಅಳತೆಗಳು ಎಲ್ಲಿಂದ ಬಂದವು? ನಿಜವಾದ ರಾಕೆಟ್ಟುಗಳ ಅಗಲವನ್ನು 0.64ರಿಂದ ಗುಣಿಸುತ್ತ ಹೋದೆವು. ಒಬ್ಬನೇ ಕೂರುತ್ತಿದ್ದ ಅಮೆರಿಕದ ಮರ್ಕ್ಯುರಿ ಕ್ಯಾಪ್ಸೂಲ್ ಸುಮಾರು 1.9 ಮೀಟರ್, ಉತ್ತರ 1.2. ಇಬ್ಬರ ಜೆಮಿನಿ ಸುಮಾರು 3 ಮೀಟರ್, ಉತ್ತರ 1.9. ಮೂವರ ಅಪೊಲೊ 3.9 ಮೀಟರ್, ಉತ್ತರ 2.5. ಆಟದಲ್ಲೂ ಒಬ್ಬರದ್ದು 1.25, ಇಬ್ಬರದ್ದು 1.875, ಮೂವರದ್ದು 2.5.

"ನಮ್ದು ಹಾಕಿ ನೋಡು" ಎಂದರು ಅಪ್ಪ. ಇಸ್ರೊದ ಪಿಎಸ್‌ಎಲ್‌ವಿಯ ಮೊದಲ ಹಂತದ ಅಗಲ 2.8 ಮೀಟರ್. ಗುಣಿಸಿದರೆ 1.8, ಅಂದರೆ 1.875ರ ಹತ್ತಿರ. ಪಕ್ಕಕ್ಕೆ ಕಟ್ಟುವ ಬೂಸ್ಟರುಗಳು 1 ಮೀಟರ್, ಬಂತು 0.64. ಎಲ್‌ವಿಎಂ3ರ ನಡುವಿನ ಹಂತ 4 ಮೀಟರ್, ಬಂತು 2.56. ಅಪ್ಪನ ಮುಖ ಅರಳಿತು.

ನಿಜ ಜಗತ್ತಿನಲ್ಲೂ ರಾಕೆಟ್ಟಿನ ಅಗಲವನ್ನು ಮನಸ್ಸಿಗೆ ಬಂದಂತೆ ಇಡಲಾಗದು. ಅಮೆರಿಕದ ಫಾಲ್ಕನ್ 9 ಹೆದ್ದಾರಿಯ ಮೇಲೆ ಸಾಗಬೇಕು, ಹಾಗಾಗಿ ಸುಮಾರು 3.7 ಮೀಟರ್. ರಷ್ಯಾದ ಪ್ರೋಟಾನ್ ರೈಲಿನಲ್ಲಿ ಹೋಗಬೇಕಿತ್ತು, ಅದರ ನಡುವಿನ ಟ್ಯಾಂಕು 4.1 ಮೀಟರಿಗೆ ನಿಂತಿತು. ಇಂಧನಕ್ಕೆ ಸುತ್ತ ಆರು ಟ್ಯಾಂಕು ಕಟ್ಟಿದರು. 10 ಮೀಟರ್ ಅಗಲದ ಸ್ಯಾಟರ್ನ್ 5ರ ಮೊದಲ ಹಂತ ದೋಣಿಯಲ್ಲಿ ಬರಬೇಕಾಯಿತು. ಒಮ್ಮೆ ಒಂದು ಅಳತೆಗೆ ಅಚ್ಚು, ಸಲಕರಣೆ ಮಾಡಿಕೊಂಡ ಮೇಲೆ ಅದನ್ನು ಬಿಡುವುದೂ ದುಬಾರಿ. ಪಿಎಸ್‌ಎಲ್‌ವಿಯ ಆ 2.8 ಮೀಟರಿನ ಘನ ಇಂಧನ ಮೋಟಾರನ್ನೇ ಇಸ್ರೊ ಜಿಎಸ್‌ಎಲ್‌ವಿಗೂ ಬಳಸಿತು.

ಮರುದಿನ ನನ್ನ ಮಾನ ಹೋಯಿತು. ಆಟದ ಚಂದ್ರನ ಸುತ್ತ ನನ್ನ ಒಬ್ಬ ಕರ್ಬಲ್ ಇಂಧನ ಮುಗಿದು ಸುತ್ತುತ್ತಿದ್ದ. ಅವನಿಗೆ ಇಂಧನ ಒಯ್ಯುವ ರಾಕೆಟ್ ಕಟ್ಟಿದೆ, ಎರಡು ತಾಸು ಹಾರಿಸಿದೆ, ಅಪ್ಪನ ಕಣ್ಣೆದುರೇ ನಿಧಾನವಾಗಿ ಹತ್ತಿರ ತಂದು ಮುಟ್ಟಿಸಿದೆ. ಕೂಡಲಿಲ್ಲ. ಮತ್ತೆ ಮುಟ್ಟಿಸಿದೆ. ಊಹೂಂ. ಅವನ ಹಡಗಿನ ಡಾಕಿಂಗ್ ಬಾಯಿ 1.25 ಮೀಟರಿನದು, ನಾನು ತಂದದ್ದು 0.625ರದು. ಬೇರೆ ಬೇರೆ ಅಳತೆಯ ಡಾಕಿಂಗ್ ಬಾಯಿಗಳು ಆಟದಲ್ಲಿ ಒಂದಕ್ಕೊಂದು ಸೇರುವುದಿಲ್ಲ, ಆ ಎತ್ತರದಲ್ಲಿ ಅಡಾಪ್ಟರ್ ಹಾಕಲು ಅಂಗಡಿಯೂ ಇಲ್ಲ.

ನಾನು ಎಂಟೆಕ್ ಮಾಡಿದವನು. ಆಫೀಸಿನಲ್ಲಿ ನನ್ನ ಕೆಲಸವೇ ಒಂದು ತಂಡ ಬರೆದ ಪ್ರೋಗ್ರಾಂ ಇನ್ನೊಂದು ತಂಡದ್ದಕ್ಕೆ ಹೊಂದುತ್ತದೆಯೇ ಎಂದು ನೋಡುವುದು. ಅಪ್ಪ ನಕ್ಕು ಸುಸ್ತಾದರು. "ಮನೀ ಬಿಡೂಕಿಂತ ಮೊದ್ಲ ಅಳತಿ ತುಗೋಬೇಕಪಾ. ಊರಿಂದ ಬಂದ ಪ್ಲಂಬರ್ ಹೀಂಗ ಮಾಡಿದ್ರ ನಾ ಬೈದು ಕಳಸ್ತಿದ್ದೆ."

ಅವರ ನಗು ನಿಂತ ಮೇಲೆ ಅಪೊಲೊ 13ರ ಕಥೆ ಹೇಳಿದೆ. 1970ರ ಏಪ್ರಿಲ್. ಚಂದ್ರನ ದಾರಿಯಲ್ಲಿ ಆಮ್ಲಜನಕದ ಟ್ಯಾಂಕ್ ಸ್ಫೋಟಗೊಂಡು ಮೂವರೂ ಚಂದ್ರನ ಮೇಲಿಳಿಯುವ ಪುಟ್ಟ ನೌಕೆಯಲ್ಲಿ ಆಶ್ರಯ ಪಡೆದರು. ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಗಳು ಮುಖ್ಯ ನೌಕೆಯಲ್ಲಿ ಬೇಕಾದಷ್ಟಿದ್ದವು. ಆದರೆ ಅವು ಚೌಕ, ಪುಟ್ಟ ನೌಕೆಯಲ್ಲಿದ್ದ ತೂತು ದುಂಡು. ಕೊನೆಗೆ ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಯಿಂದ ಅಡಾಪ್ಟರ್ ಮಾಡುವ ವಿಧಾನವನ್ನು ಭೂಮಿಯಿಂದ ಹೇಳಿಕೊಟ್ಟರು. ಮೂವರೂ ಬದುಕಿ ಬಂದರು.

ಅಪ್ಪ ಈ ಸಲ ನಗಲಿಲ್ಲ. "ಒಂದ ಕಂಪನಿ ಮಾಲಿಗೆ ಎರಡು ಅಳತಿ ಯಾಕ ಮಾಡಿದ್ರು?" ಎಂದು ಕೇಳಿದರು. ಎರಡು ನೌಕೆಗಳನ್ನು ಕಟ್ಟಿದ್ದು ಎರಡು ಬೇರೆ ಕಂಪನಿಗಳು, ಒಂದರ ಡಬ್ಬಿ ಇನ್ನೊಂದಕ್ಕೆ ಬೇಕಾದೀತು ಎಂದು ಯಾರೂ ಎಣಿಸಿರಲಿಲ್ಲ ಎಂದೆ. ಅಳತೆ ಒಂದೇ ಇದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಅದರ ಬೆಲೆ ತಿಳಿಯುವುದು ಹೊಂದದೇ ಹೋದ ದಿನ. ಡಾಕಿಂಗಿಗೆ ಹಲವು ದೇಶಗಳು ಸೇರಿ ಸಾಮಾನ್ಯ ಮಾನದಂಡವೊಂದನ್ನು 2010ರಲ್ಲಿ ಪ್ರಕಟಿಸಿದ್ದು ಅದಕ್ಕಾಗಿಯೇ. 2025ರ ಜನವರಿ 16ರಂದು ಇಸ್ರೊದ ಸ್ಪೇಡೆಕ್ಸ್ ಯೋಜನೆಯ ಎರಡು ಉಪಗ್ರಹಗಳು ಬಾಹ್ಯಾಕಾಶದಲ್ಲಿ ಕೂಡಿಕೊಂಡ ಸುದ್ದಿಯನ್ನು ಅಪ್ಪನೂ ಪೇಪರಿನಲ್ಲಿ ಓದಿದ್ದರು. ಅದರ ಹಿಂದೆ ಎಷ್ಟು ಅಳತೆ ಹಿಡಿದಿರಬೇಕು ಎಂದು ಅವರಿಗೆ ನಾನು ಹೇಳಬೇಕಾಗಲಿಲ್ಲ.

ನಾಲ್ಕು ದಿನಕ್ಕೆ ಹೊರಟಿದ್ದವರು ಹದಿನೆಂಟು ದಿನ ಇದ್ದರು. ಸಂಜೆ ನಾನು ಲಾಗ್‌ಔಟ್ ಆಗುವುದನ್ನೇ ಕಾಯುತ್ತಿದ್ದರು. ನನಗೂ ಅಷ್ಟೇ. ಅಂಗಡಿಯ ಗಲ್ಲೆಯ ಪಕ್ಕ ಕೂತು ಹೋಂವರ್ಕ್ ಮಾಡುತ್ತಿದ್ದ ದಿನಗಳ ನಂತರ ನಾವಿಬ್ಬರೂ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಈಗ ಅವರು ಗದಗಿನಲ್ಲಿದ್ದಾರೆ. ಸರಿಯಾದ ಬಾಯಿಯ ರಾಕೆಟ್ ಕಟ್ಟಿ ಆ ಕರ್ಬಲ್‌ನನ್ನು ವಾಪಸು ತಂದೆ. ಆದರೂ ಪ್ರತಿ ಭಾನುವಾರ ಫೋನಿನಲ್ಲಿ ಊಟ ಆಯಿತೇ ಎಂದು ಕೇಳಿದ ಮೇಲೆ ಅಪ್ಪನ ಎರಡನೇ ಪ್ರಶ್ನೆ ಅದೇ:

"ಹೊಸಾದು ಏನರ ಕಟ್ಟಾಕತ್ತೀಯೇನು? ಅಳತಿ ನೋಡಿದಿ ಹೌದಲ್ಲೋ?"