ಮಾಧ್ಯಮದ ಕೆಲಸಕ್ಕೆ ಹೊರಟ ಮಗಳು: ಬೇಡ ಎನ್ನುವ ಮೊದಲು ತಿಳಿದಿರಬೇಕಾದದ್ದು

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಮಕ್ಕಳನ್ನು ಕರೆದು ಗೌರವಿಸುವಾಗ, ಮುಂದೇನು ಓದುತ್ತೀರಿ ಎಂದು ಕೇಳುವುದು ನಮ್ಮ ವಾಡಿಕೆ. ಈಚೆಗೆ ಕೆಲವು ಹೆಣ್ಣುಮಕ್ಕಳು ಹಿಂಜರಿಯದೆ ‘ಪತ್ರಿಕೋದ್ಯಮ’ ಎನ್ನುತ್ತಾರೆ. ಮಂಗಳೂರಿಗೆ ಹೋಗಿ ಓದಬೇಕು, ವಾರ್ತೆ ಓದಬೇಕು, ಕ್ಯಾಮೆರಾ ಹಿಡಿಯಬೇಕು ಎಂಬ ಆಸೆ ಅವರದು. ಸಭೆ ಮುಗಿದು ಚಹಾ ಕುಡಿಯುವಾಗ ಹೆತ್ತವರು ಬಂದು ಮೆಲ್ಲನೆ ಕೇಳುವುದು ಬೇರೆಯೇ: “ಆ ಲೈನು ಹೆಣ್ಣುಮಕ್ಕಳಿಗೆ ಆದೀತಾ? ಸಿನಿಮಾದವರ ವಿಷಯ ಪೇಪರಿನಲ್ಲಿ ಬಂದದ್ದು ನೋಡಿದಿರಲ್ಲ?”

ಈ ಹೆದರಿಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ಉತ್ತರ ಮಗಳನ್ನು ತಡೆಯುವುದಲ್ಲ, ಅವಳ ಕೈಗೆ ಸರಿಯಾದ ಮಾಹಿತಿ ಕೊಡುವುದು.

ಪೇಪರಿನಲ್ಲಿ ಬಂದದ್ದು ಏನು?

2017ರ ಫೆಬ್ರವರಿಯಲ್ಲಿ ನಮ್ಮ ಕೇರಳದಲ್ಲಿ ಒಬ್ಬ ನಟಿಯ ಮೇಲೆ ಚಲಿಸುವ ಕಾರಿನಲ್ಲೇ ದೌರ್ಜನ್ಯ ನಡೆಯಿತು. ಅದೇ ವರ್ಷ ಚಿತ್ರರಂಗದ ಮಹಿಳೆಯರು ‘ವಿಮೆನ್ ಇನ್ ಸಿನಿಮಾ ಕಲೆಕ್ಟಿವ್’ ಎಂಬ ಸಂಘಟನೆ ಕಟ್ಟಿಕೊಂಡು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಸರಕಾರ ನಿವೃತ್ತ ನ್ಯಾಯಮೂರ್ತಿ ಕೆ. ಹೇಮಾ, ಹಿರಿಯ ನಟಿ ಶಾರದಾ ಹಾಗೂ ನಿವೃತ್ತ ಐಎಎಸ್ ಅಧಿಕಾರಿ ಕೆ.ಬಿ. ವತ್ಸಲಾ ಕುಮಾರಿ ಅವರ ಸಮಿತಿ ನೇಮಿಸಿತು. ವರದಿ 2019ರ ಡಿಸೆಂಬರ್‌ನಲ್ಲಿ ಸರಕಾರದ ಕೈಸೇರಿದರೂ ಜನರ ಕೈಗೆ ಬಂದದ್ದು 2024ರ ಆಗಸ್ಟ್ 19ರಂದು, ಅದೂ ಕೆಲವು ಭಾಗಗಳನ್ನು ತೆಗೆದ ಮೇಲೆ.

ಲೈಂಗಿಕ ಕಿರುಕುಳದ ಭಾಗ ಊರೆಲ್ಲಾ ಚರ್ಚೆಯಾಯಿತು. ಉಳಿದದ್ದನ್ನು ಓದಿದವರು ಕಡಿಮೆ. ಚಿತ್ರೀಕರಣದ ಸ್ಥಳದಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಕೋಣೆ ಇಲ್ಲ. ಶೌಚಕ್ಕೆ ಹೋಗಬೇಕಾದೀತೆಂದು ಹೆಂಗಸರು ಗಂಟೆಗಟ್ಟಲೆ ನೀರು ಕುಡಿಯದೆ ಇದ್ದು ಮೂತ್ರದ ಸೋಂಕು ತಂದುಕೊಳ್ಳುತ್ತಾರೆ. ಎಷ್ಟೋ ಮಂದಿಗೆ ಲಿಖಿತ ಕರಾರೇ ಇಲ್ಲ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಸಂಬಳ. ಬಾಯಿಬಿಟ್ಟು ಕೇಳಿದವರಿಗೆ ಮುಂದೆ ಕೆಲಸವೇ ಸಿಗುವುದಿಲ್ಲ.

ವರದಿಯ ಆಧಾರದಲ್ಲಿ ದಾಖಲಾದ ಪ್ರಕರಣಗಳನ್ನು 2025ರಲ್ಲಿ ಪೊಲೀಸರು ಕೈಬಿಡಬೇಕಾಯಿತು. ಸಮಿತಿಯ ಮುಂದೆ ಗುಟ್ಟಾಗಿ ಹೇಳಿದವರು ಪೊಲೀಸರ ಮುಂದೆ ಹೇಳಿಕೆ ಕೊಡಲು ಬರಲಿಲ್ಲ. ಅವರನ್ನು ದೂರಿ ಫಲವಿಲ್ಲ. ದೂರು ಕೊಟ್ಟವಳ ಅನ್ನ ಉಳಿಯುವ ಏರ್ಪಾಡು ಕೆಲಸದ ಜಾಗದಲ್ಲೇ, ಮೊದಲಿನಿಂದಲೇ ಇರಬೇಕು ಎಂಬುದು ಇದರ ಪಾಠ.

ಆ ಏರ್ಪಾಡು ಕಾನೂನಿನಲ್ಲಿದೆ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯಿದೆ ಬಂದದ್ದು 2013ರಲ್ಲಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿಯೇ ಅದರ ಅಧ್ಯಕ್ಷೆ. ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕು, ಹೊರಗಿನವರು ಒಬ್ಬರು ಇರಬೇಕು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಚಿತ್ರ ನಿರ್ಮಾಣ ಘಟಕಕ್ಕೂ ಇಂಥ ಸಮಿತಿ ಕಡ್ಡಾಯ ಎಂದು ಕೇರಳ ಹೈಕೋರ್ಟು 2022ರ ಮಾರ್ಚ್‌ನಲ್ಲಿ ತೀರ್ಪು ನೀಡಿದೆ.

“ಅದೆಲ್ಲ ದೊಡ್ಡ ಆಫೀಸುಗಳಿಗೆ. ನಮ್ಮ ಕಡೆ ಒಂದು ಪತ್ರಿಕೆಗೆ ಒಬ್ಬ ವರದಿಗಾರ, ಒಂದು ಕೇಬಲ್ ಚಾನೆಲಿಗೆ ಐದಾರು ಜನ” ಎಂದು ಕೆಲವರು ಹೇಳುತ್ತಾರೆ. ಗಡಿನಾಡಿನ ಮಾಧ್ಯಮ ನಡೆಯುವುದು ಹಾಗೆಯೇ. ಸುದ್ದಿಯೊಂದಕ್ಕೆ ಇಷ್ಟು ಎಂದು ಪಡೆಯುವ ಅರೆಕಾಲಿಕರೇ ಹೆಚ್ಚು. ಕಾನೂನು ಅವರನ್ನೂ ಬಿಟ್ಟಿಲ್ಲ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹಂಗಾಮಿ, ದಿನಗೂಲಿ, ತರಬೇತಿಗೆಂದು ಸಂಬಳವಿಲ್ಲದೆ ಹೋಗುವ ವಿದ್ಯಾರ್ಥಿನಿ, ಎಲ್ಲರೂ ಇದರೊಳಗೆ ಬರುತ್ತಾರೆ. ‘ಕೆಲಸದ ಸ್ಥಳ’ ಎಂದರೆ ಆಫೀಸಿನ ನಾಲ್ಕು ಗೋಡೆ ಮಾತ್ರವಲ್ಲ. ಸುದ್ದಿಗೆಂದು ಹೋದ ಜಾಗವೂ ಹೌದು, ಸಂಸ್ಥೆ ಕೊಟ್ಟ ವಾಹನವೂ ಹೌದು.

ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರುದಾರಳ ಹೆಸರು ಹೊರಗೆ ಹೋಗಬಾರದು. ಸಾಕ್ಷ್ಯ ಸಾಲಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಸುಳ್ಳು ದೂರು ಎನ್ನುವಂತಿಲ್ಲ.

ಗಡಿನಾಡಿನವರಾದ ನಮಗೆ ಇನ್ನೊಂದು ಮಾತು ಮುಖ್ಯ. ಮಲಯಾಳ ಬರೆಯಲು ಬಾರದೆಂದು ಯಾರೂ ಸುಮ್ಮನಿರಬೇಕಾಗಿಲ್ಲ. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಸ್ಕೂಲಿನ ಅರ್ಜಿಗೆ, ರೇಶನ್ ಕಾರ್ಡಿಗೆ ನಾವು ನೆನಪಿಸಿಕೊಳ್ಳುವ ಈ ಹಕ್ಕು ಇಲ್ಲಿಯೂ ಇದೆ. ಬರೆಯಲು ಕಷ್ಟವಾದರೆ ನೆರವಾಗುವುದು ಸಮಿತಿಯವರ ಕರ್ತವ್ಯ.

ಸುರಕ್ಷತೆಯಷ್ಟೇ ಸಮಾನತೆಯಲ್ಲ

ಕಿರುಕುಳ ಇಲ್ಲವೆಂದ ಮಾತ್ರಕ್ಕೆ ಸಮಾನತೆ ಬಂತೆಂದು ಹೇಳಲಾಗದು. ಹೆಣ್ಣುಮಗಳಿಗೆ ಅಡುಗೆ, ಸೌಂದರ್ಯ, ಹಬ್ಬದ ಪುರವಣಿ, ಗಂಡಿಗೆ ಪಂಚಾಯತು, ಪೊಲೀಸು, ಚುನಾವಣೆ ಎಂದು ಹಂಚಿದರೆ ಹತ್ತು ವರ್ಷ ಕಳೆದ ಮೇಲೆ ಸಂಪಾದಕರಾಗುವುದು ಯಾರು? ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು 1976ರಿಂದಲೂ ಕಾನೂನಿನಲ್ಲಿದೆ. ಆದರೆ ಕೆಲಸವನ್ನೇ ಬೇರೆ ಮಾಡಿಟ್ಟರೆ ವೇತನ ಸಮಾನವಾಗುವುದಿಲ್ಲ.

ಕನ್ನಡದ ಹೆಂಗಸರಿಗೆ ಈ ಕೆಲಸ ಹೊಸದೂ ಅಲ್ಲ. ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿ ನೂರು ವರ್ಷ ದಾಟಿತು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ. ಒಂದು ಪತ್ರಿಕೆ ಬಾಗಿಲು ತೆರೆದದ್ದರಿಂದ ನಮ್ಮ ಊರಿನ ಹೆಂಗಸರ ಪಾಡು ಕರ್ನಾಟಕಕ್ಕೆಲ್ಲ ಗೊತ್ತಾಯಿತು.

ಕೆಲಸಕ್ಕೆ ಸೇರುವ ಮೊದಲು ಕೇಳಬೇಕಾದದ್ದು

ಮಗಳು ಅಥವಾ ತಂಗಿ ಹೊರಟು ನಿಂತಾಗ ಬೇಡ ಎನ್ನುವ ಬದಲು ಈ ನಾಲ್ಕನ್ನು ಕೇಳಲು ಹೇಳಿಕೊಡೋಣ.

1. ಸಂಬಳ ಮತ್ತು ಕೆಲಸದ ವೇಳೆ ಬರೆದಿರುವ ನೇಮಕಾತಿ ಪತ್ರ ಕೊಡುತ್ತೀರಾ?
2. ದೂರು ಸಮಿತಿ ಇದೆಯೇ? ಸದಸ್ಯರ ಹೆಸರು ಎಲ್ಲಿ ಹಾಕಿದ್ದೀರಿ?
3. ರಾತ್ರಿ ಕೆಲಸವಿದ್ದರೆ ಮನೆ ತಲುಪಿಸುವ ವ್ಯವಸ್ಥೆ ಏನು?
4. ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇದೆಯೇ?

ಕೇಳಿದ ಕೂಡಲೇ ಮುಖ ಸಿಂಡರಿಸುವ ಜಾಗವಾದರೆ, ಅಲ್ಲಿನ ವಿಚಾರ ಅಷ್ಟರಲ್ಲೇ ಗೊತ್ತಾಯಿತು.

ನಮ್ಮ ಪಾಲಿನ ಕೆಲಸವೂ ಇದೆ. ಸಂಘದ ಕಾರ್ಯಕ್ರಮಗಳ ವರದಿಗೆ ಬರುವ ತರುಣಿಯರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸದೆ ಕುರ್ಚಿ ಕೊಡೋಣ. “ಗಂಡಸರು ಯಾರೂ ಬರಲಿಲ್ಲವೇ” ಎಂದು ಕೇಳುವುದನ್ನು ಬಿಡೋಣ. ದೂರು ಕನ್ನಡದಲ್ಲಿ ಬರೆಯಲು ನೆರವು ಬೇಕಾದವರು ನಮ್ಮ ಮಹಿಳಾ ಸದಸ್ಯರನ್ನು ಕಾಣಬಹುದು. ಕೇಳಿದ ಮಾತು ಅಲ್ಲಿಂದ ಆಚೆ ಹೋಗುವುದಿಲ್ಲ.